ಸೇಬಿನ ಕ್ರಂಬಲ್: ಒಣಹಣ್ಣು ಕೆಳಗಿರಲಿ, ಬೀಜ ಮೇಲಿರಲಿ

ಕೇಕ್ ಉಬ್ಬಲಿಲ್ಲ ಅಂತ ಕೈಚೆಲ್ಲಿದವರು ಕ್ರಂಬಲ್ ಮಾಡಿ ನೋಡಿ, ಇದು ಉಬ್ಬಬೇಕಾಗೇ ಇಲ್ಲ. ಕೆಳಗೆ ಹೆಚ್ಚಿದ ಹಣ್ಣು, ಮೇಲೆ ಬೆಣ್ಣೆ ತಿಕ್ಕಿದ ಹಿಟ್ಟು, ಅಷ್ಟೆ. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಇದು ಜನಪ್ರಿಯವಾಯಿತು. ಪೈ (ಹಿಟ್ಟಿನ ಹೊದಿಕೆಯೊಳಗೆ ಹಣ್ಣಿಟ್ಟು ಬೇಯಿಸುವ ತಿಂಡಿ) ಮಾಡುವಷ್ಟು ಬೆಣ್ಣೆ ಸಿಗದಾಗ ಇದ್ದಷ್ಟನ್ನೇ ಹಣ್ಣಿನ ಮೇಲೆ ಉದುರಿಸುತ್ತಿದ್ದರು.

ಅವರು ಹಾಕುವ ಬ್ರಾಮ್ಲಿ ಸೇಬು ಚೆನ್ನಾಗಿ ಹುಳಿ. ನಮ್ಮ ಪೇಟೆಗೆ ಬರುವ ಶಿಮ್ಲಾ ಸೇಬು ಬರೀ ಸಿಹಿ, ಅದಕ್ಕೇ ಅರ್ಧ ನಿಂಬೆಹಣ್ಣು ಹಿಂಡಲೇಬೇಕು. ನಾಲ್ಕು ದೊಡ್ಡ ಸೇಬು ಸಾಕು. ಸಿಪ್ಪೆ ನಾನು ತೆಗೆಯುವುದಿಲ್ಲ. ಇದಕ್ಕೆ ಹೆಚ್ಚಿದ ಖರ್ಜೂರ ಏಳೆಂಟು, ಒಂದು ಹಿಡಿ ಒಣದ್ರಾಕ್ಷಿ, ಎರಡು ಅಂಜೂರ, ಚಿಟಿಕೆ ಚಕ್ಕೆ ಪುಡಿ ಬೆರೆಸಿ. ಸಕ್ಕರೆ ಬೇಡವೇ ಬೇಡ, ಖರ್ಜೂರವೇ ಆ ಕೆಲಸ ಮಾಡುತ್ತದೆ. ಒಣಹಣ್ಣನ್ನು ಮೇಲಿನ ಹಿಟ್ಟಿಗೆ ಬೆರೆಸುವವರಿದ್ದಾರೆ. ಅಲ್ಲಿ ದ್ರಾಕ್ಷಿ ಕರಕಲಾಗಿ ಕಹಿಯಾಗುತ್ತದೆ. ಕೆಳಗಿದ್ದರೆ ಸೇಬು ಬಿಟ್ಟ ರಸವನ್ನೇ ಕುಡಿದು ಉಬ್ಬುತ್ತದೆ, ತಳವೂ ನೀರಾಗುವುದಿಲ್ಲ. ಅನಾನಸ್, ಪ್ಲಮ್ ತರಹದ ರಸದ ಹಣ್ಣಾದರೆ ಒಂದು ಚಮಚ ಕಾರ್ನ್‌ಫ್ಲೋರ್ ಸಹ ಇರಲಿ.

ಇನ್ನು ಮೇಲಿನ ಹಿಟ್ಟು. ಒಂದು ಲೋಟ ಗೋಧಿಹಿಟ್ಟು, ಅರ್ಧ ಲೋಟ ಓಟ್ಸ್, ಚಿಟಿಕೆ ಉಪ್ಪು, 75 ಗ್ರಾಂ ಬೆಣ್ಣೆ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಬೇಕು. ನಿಪ್ಪಟ್ಟಿನ ಹಿಟ್ಟಿಗೆ ಬೆಣ್ಣೆ ತಿಕ್ಕುತ್ತೀವಲ್ಲ, ಹಾಗೆ ಬೆರಳ ತುದಿಯಲ್ಲೇ ತಿಕ್ಕಿ. ಅಂಗೈ ತಾಗಿಸಿದರೆ ಬಿಸಿಗೆ ಬೆಣ್ಣೆ ಕರಗಿ ಹಿಟ್ಟು ಮುದ್ದೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಕಡಲೆಕಾಳಿನಷ್ಟು ಗಂಟು ಉಳಿದರೆ ಒಳ್ಳೆಯದೇ, ಬೆಂದ ಮೇಲೆ ಕುರುಕುರು ಅನ್ನುವುದು ಅವೇ. ತುಪ್ಪದಲ್ಲಿ ಮಾಡುವವರು 60 ಗ್ರಾಂ ಹಾಕಿ. ಬೆಣ್ಣೆಯಲ್ಲಿ ನೀರಿನಂಶವಿದೆ, ತುಪ್ಪದಲ್ಲಿಲ್ಲ. ಆರೋಗ್ಯ ಆರೋಗ್ಯ ಅಂತ ಜಿಡ್ಡನ್ನೇ ಬಿಟ್ಟರೆ ಮಾತ್ರ ಹಸಿ ಹಿಟ್ಟು ತಿಂದಂತಾಗುತ್ತದೆ, ಆ ಸಾಹಸಕ್ಕೆ ಹೋಗಬೇಡಿ.

ಬೆಲ್ಲ ಕೊನೆಗೆ, ಮೂರು ಚಮಚ. ಅಚ್ಚಿನ ಬೆಲ್ಲ ಜಜ್ಜಿ ಹಾಕಿದರೆ ಹಿಟ್ಟು ಅಂಟುತ್ತದೆ, ಒಣಗಿದ ಪುಡಿಬೆಲ್ಲವೇ ಆಗಬೇಕು. ಬಾದಾಮಿ, ಅಕ್ರೋಟು ಒಂದೊಂದು ಹಿಡಿ, ದಪ್ಪದಪ್ಪಕ್ಕೆ ಹೆಚ್ಚಿ ಬೆರೆಸಿ. ಹುರಿಯಬೇಡಿ, ಓವನ್ನಿನಲ್ಲೇ ಹುರಿದುಕೊಳ್ಳುತ್ತವೆ. ಅಕ್ರೋಟು ಬೇಗ ಕಮಟಾಗುವ ಪದಾರ್ಥ, ಹಾಕುವ ಮುಂಚೆ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ.

ಹಿಟ್ಟನ್ನು ಹಣ್ಣಿನ ಮೇಲೆ ಉದುರಿಸಿ ಬಿಟ್ಟುಬಿಡಿ, ಒತ್ತಬೇಡಿ. ಒತ್ತಿದರೆ ಆವಿ ಹೊರಬರಲು ದಾರಿಯಿಲ್ಲದೆ ಮೇಲ್ಪದರ ಮೆತ್ತಗಾಗುತ್ತದೆ. ಮೊದಲೇ ಕಾದ ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್, ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ಅಂಚಿನಲ್ಲಿ ರಸ ಕೊತಕೊತ ಕುದಿಯುತ್ತಿದ್ದರೆ ಬೆಂದಿದೆ ಅಂತಲೇ ಲೆಕ್ಕ. ಚಿಕ್ಕ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಪುಟ್ಟ ಕರೆಂಟ್ ಓವನ್) ಮೇಲಿನ ಕಾಯುವ ಕಂಬಿ ಹತ್ತಿರ, ಬೀಜ ಕೆಂಪಾದ ಕೂಡಲೇ ಫಾಯಿಲ್ ಮುಚ್ಚಿ. ಇಳಿಸಿದ ಮೇಲೆ ಹತ್ತು ನಿಮಿಷ ಬಿಡಿ, ಬಿಸಿ ಹಣ್ಣು ನಾಲಿಗೆ ಸುಡುತ್ತದೆ.

ಉಳಿದದ್ದನ್ನು ಮೈಕ್ರೊವೇವಿನಲ್ಲಿ ಬಿಸಿ ಮಾಡಿದರೆ ಮೇಲ್ಪದರ ಮೆತ್ತಗಾಗುತ್ತದೆ, ಓವನ್ನಿನಲ್ಲೇ ಮಾಡಿ. ಹಿಟ್ಟು ಹೆಚ್ಚಾದರೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ; ತಿಂಗಳವರೆಗೆ ಇರುತ್ತದೆ, ಬೇಕಾದಾಗ ಹಾಗೇ ಹಣ್ಣಿನ ಮೇಲೆ ಉದುರಿಸಬಹುದು.