ಯುರೋಪಲ್ಲಿ ಅಸೈಲಮ್ ಅರ್ಜಿ: ಎಲ್ಲಿ ಹೇಳ್ಬೇಕು, ಏನ್ ನೋಡ್ಕೋಬೇಕು

ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಅಸೈಲಮ್ (ಸ್ವಂತ ದೇಶದಲ್ಲಿ ಅಪಾಯ ಇರೋರಿಗೆ ಬೇರೆ ದೇಶ ಕೊಡೋ ಆಶ್ರಯ) ಅರ್ಜಿಗೆ ಒಂದೇ ಥರದ ಪದ್ಧತಿ ಇರ್ಲಿ ಅಂತ 2013ರಲ್ಲೇ ಒಂದು ಡೈರೆಕ್ಟಿವ್ (ಪ್ರತಿ ದೇಶ ತನ್ನ ಕಾನೂನಿಗೆ ಅಳವಡಿಸ್ಕೋಬೇಕಾದ ನಿರ್ದೇಶನ) ಮಾಡಿದ್ರು, ಆದ್ರೆ ಒಂದೊಂದು ದೇಶ ಅದನ್ನ ತನಗೆ ಬೇಕಾದ ಹಾಗೆ ಜಾರಿ ಮಾಡ್ತು. ಅದಕ್ಕೇ 2024ರಲ್ಲಿ ನೇರವಾಗಿ ಅನ್ವಯ ಆಗೋ ರೆಗ್ಯುಲೇಶನ್ ತಂದ್ರು, 2026ರ ಜೂನ್ 12ರಿಂದ ಸಲ್ಲಿಸೋ ಅರ್ಜಿಗಳಿಗೆ ಇದೇ ರೂಲ್ಸು (ಡೆನ್ಮಾರ್ಕ್ ಮಾತ್ರ ಹೊರಗೆ). ಕೆಳಗಿರೋ ಲೆಕ್ಕ ಎಲ್ಲಾ ಈ ಹೊಸದರದ್ದು.

ಮೊದಲು ಗೊತ್ತಿರಬೇಕಾದ್ದು, ಕೇಳೋದು, ರಿಜಿಸ್ಟರ್ ಆಗೋದು, ಸಲ್ಲಿಸೋದು ಮೂರೂ ಬೇರೆ ಬೇರೆ. ಗಡಿ ಪೊಲೀಸ್ ಮುಂದೆ ನಿಂತು "ವಾಪಸ್ ಹೋದ್ರೆ ಜೀವಕ್ಕೆ ಅಪಾಯ, ರಕ್ಷಣೆ ಬೇಕು" ಅಂತ ಬಾಯಲ್ಲಿ ಹೇಳಿದ್ರೂ ಕೇಳಿದ ಹಾಗೇ ಲೆಕ್ಕ. ಅಲ್ಲಿಂದ 5 ದಿನದೊಳಗೆ ರಿಜಿಸ್ಟರ್ ಮಾಡ್ಬೇಕು, ರಿಜಿಸ್ಟರ್ ಆದ್ಮೇಲೆ 21 ದಿನದೊಳಗೆ ಪೂರ್ತಿ ಅರ್ಜಿ ಸಲ್ಲಿಕೆ ಆಗ್ಬೇಕು (ತುಂಬಾ ಜನ ಒಟ್ಟಿಗೆ ಬಂದ್ರೆ ಇದು ಎಳೀಬಹುದು). ಕರೆದ ದಿನ ಹೋಗಿ ಸಲ್ಲಿಸ್ಲಿಲ್ಲ ಅಂದ್ರೆ ಅರ್ಜಿ ವಾಪಸ್ ತಗೊಂಡ್ರಿ ಅಂತ ಬರ್ಕೋತಾರೆ, ಹಾಗಾಗಿ ಕೊಟ್ಟ ಚೀಟಿ, ಅಪಾಯಿಂಟ್‌ಮೆಂಟ್ ಪೇಪರ್ ಎಲ್ಲದರ ಫೋಟೋ ತೆಗೆದಿಟ್ಕೊಳ್ಳಿ. ಬೆರಳಚ್ಚು ಯೂರೋಡ್ಯಾಕ್‌ಗೆ (ಈ ದೇಶಗಳೆಲ್ಲಾ ಸೇರಿ ಬಳಸೋ ಬೆರಳಚ್ಚಿನ ಡೇಟಾಬೇಸ್) ಹೋಗುತ್ತೆ, 6 ವರ್ಷ ತುಂಬಿದ ಮಕ್ಕಳದ್ದೂ ಸೇರಿ, ಇಲ್ಲಿ ಬೇಡ ಪಕ್ಕದ ದೇಶದಲ್ಲಿ ಹಾಕೋಣ ಅಂತ ಹೊರಟ್ರೆ ಅಲ್ಲಿ ಸಿಕ್ಕಿಬೀಳೋದೇ.

ಇನ್ನು ಇಂಟರ್‌ವ್ಯೂ. ಕೇಸ್ ನಿಲ್ಲೋದೂ ಬೀಳೋದೂ ಬಹುತೇಕ ಇಲ್ಲೇ. ಅರ್ಥ ಆಗೋ ಭಾಷೆಯ ದುಭಾಷಿ ಕೇಳೋ ಹಕ್ಕಿದೆ, ಹೆಣ್ಣುಮಕ್ಕಳು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕು ಅಂತಾನೂ ಕೇಳ್ಬಹುದು, ನಾಚ್ಕೋಬೇಡಿ. ದುಭಾಷಿ ಮಾತು ಸರಿಹೋಗ್ತಿಲ್ಲ ಅನ್ಸಿದ್ರೆ ಆಗಿಂದಾಗ್ಲೇ ಹೇಳಿ, ಆಮೇಲೆ ಹೇಳಿದ್ರೆ ನೆಪ ಅನ್ಕೋತಾರೆ. ಮುಗಿದ್ಮೇಲೆ ಬರೆದ ವರದಿನ ಒಂದೊಂದೇ ಸಾಲು ಓದಿಸ್ಕೊಳ್ಳಿ. ಉದಾಹರಣೆಗೆ ಅಫ್ಘಾನಿಸ್ತಾನದವರೊಬ್ರು "1400ರ ಅಸದ್ ತಿಂಗಳಲ್ಲಿ ಮನೆ ಬಿಟ್ವಿ" ಅಂದ್ರೆ ಅದು ಅವರ ದೇಶದ ಕ್ಯಾಲೆಂಡರ್ ಲೆಕ್ಕ, ನಮ್ಮ ಲೆಕ್ಕದಲ್ಲಿ 2021ರ ಜುಲೈ ಕೊನೆಯಿಂದ ಆಗಸ್ಟ್ 20ರ ಆಸುಪಾಸಿನವರೆಗೆ, ಕಾಬೂಲ್ ಬಿದ್ದ ಸಮಯ. ದುಭಾಷಿ ಲೆಕ್ಕ ತಪ್ಪಿ 2022 ಅಂತ ಬರೆಸಿಬಿಟ್ರೆ, ಮೊದಲು ಒಂದು ಹೇಳಿದ್ರಿ ಈಗ ಇನ್ನೊಂದು ಅಂತ ಅರ್ಜಿ ತಳ್ಳಿಹಾಕೋಕೆ ಅದೇ ಕಾರಣ ಆಗ್ಬಹುದು. ತಪ್ಪಿದ್ರೆ ತಿದ್ದಿಸಿ, ತಿದ್ದಿದ್ದು ದಾಖಲೆಗೆ ಬಂತಾ ನೋಡಿ. ಮಾತಾಡಿದ್ದು ಆಡಿಯೋ ರೆಕಾರ್ಡ್ ಕೂಡ ಆಗುತ್ತೆ.

ತೀರ್ಪಿಗೆ ಸಾಮಾನ್ಯ ಗಡುವು 6 ತಿಂಗಳು, ಇನ್ನೊಂದು 6 ತಿಂಗಳು ಮುಂದೂಡ್ಬಹುದು. ಅವಸರದ ಪದ್ಧತಿಗೆ ಹಾಕಿದ್ರೆ 3 ತಿಂಗಳು. ಒಟ್ಟು ಯೂನಿಯನ್‌ನಲ್ಲಿ ನಿಮ್ಮ ದೇಶದವರ ಅರ್ಜಿ ನೂರಕ್ಕೆ 20 ಅಥವಾ ಅದಕ್ಕಿಂತ ಕಮ್ಮಿ ಒಪ್ಪಿಗೆ ಆಗ್ತಿದ್ರೆ ಸಾಮಾನ್ಯವಾಗಿ ಅದಕ್ಕೇ ಹಾಕ್ತಾರೆ. ದೇಶ ನೋಡಿ ಮನುಷ್ಯನ ಸಾಲು ಬದಲಾಯಿಸೋದು ನನಗಂತೂ ಸರಿ ಕಾಣಲ್ಲ, ಆದ್ರೆ ರೂಲ್ಸ್ ಇರೋದು ಹಾಗೆ.

ತಿರಸ್ಕಾರ ಆದ್ರೆ ಅಳ್ತಾ ಕೂರೋಕೆ ಟೈಮಿಲ್ಲ. ಅಪೀಲ್‌ಗೆ ಸಾಮಾನ್ಯ ಕೇಸಲ್ಲಿ 2 ವಾರದಿಂದ 1 ತಿಂಗಳು, ಅವಸರದ ಕೇಸಲ್ಲಿ ಬರೀ 5ರಿಂದ 10 ದಿನ. ಪತ್ರ ಕೈಗೆ ಬಂದ ತಾರೀಖು ಲಕೋಟೆ ಮೇಲೇ ಬರೆದು, ಅವತ್ತೇ ಉಚಿತ ವಕೀಲರನ್ನ ಕೇಳಿ, ಜೊತೆಗೆ ಅಪೀಲ್ ಮುಗಿಯೋವರೆಗೂ ಇಲ್ಲೇ ಇರೋಕೆ ಕೋರ್ಟಿಗೆ ಬೇರೆ ಅರ್ಜಿ ಹಾಕ್ಬೇಕಾ ಅಂತಾನೂ ಅವರನ್ನೇ ಕೇಳಿ, ಕೆಲವು ಕೇಸಲ್ಲಿ ಅದು ತಾನಾಗೇ ಸಿಗಲ್ಲ.