ವೆಂಟಿಲೇಟರ್‌ನಲ್ಲಿರುವವರ ಕಫ ತೆಗೆಯುವುದು ಹೇಗೆ?

ಐಸಿಯುಗೆ ಹೊಸದಾಗಿ ಬಂದ ನರ್ಸ್‌ಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ‘ಸಕ್ಷನ್ ಎಷ್ಟು ಗಂಟೆಗೊಮ್ಮೆ ಮಾಡಬೇಕು?’ ಸಕ್ಷನ್ ಅಂದರೆ ಸಣ್ಣ ಪೈಪ್ ಇಳಿಸಿ ಕಫವನ್ನು ಹೀರಿ ತೆಗೆಯುವುದು. ಅದಕ್ಕೆ ಗಂಟೆಯ ಲೆಕ್ಕವೇ ಬೇಡ. ಕಫ ಇದ್ದಾಗ ಮಾಡಬೇಕು, ಇಲ್ಲದಿದ್ದಾಗ ಮುಟ್ಟಬಾರದು. ಎರಡು ಗಂಟೆಗೊಮ್ಮೆ ಮಾಡಿ ಚಾರ್ಟ್‌ನಲ್ಲಿ ಟಿಕ್ ಹಾಕುವ ರೂಢಿಯನ್ನು ಬಿಡಲೇಬೇಕು. ಅಮೆರಿಕದ ಉಸಿರಾಟ ಚಿಕಿತ್ಸಕರ ಸಂಘ 2010ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಹೇಳಿದೆ.

ಕಫ ಯಾಕೆ ತುಂಬಿಕೊಳ್ಳುತ್ತದೆ? ಕೆಮ್ಮುವಾಗ ಗಂಟಲಿನ ಒಳಬಾಗಿಲು ಒಂದು ಕ್ಷಣ ಮುಚ್ಚಿ, ಎದೆಯೊಳಗೆ ಒತ್ತಡ ಏರಿ, ಆಮೇಲೆ ಫಟ್ಟನೆ ತೆರೆಯಬೇಕು. ನಡುವೆ ಶ್ವಾಸನಾಳಕ್ಕೆ ಇಳಿಸಿದ ವೆಂಟಿಲೇಟರ್ ಟ್ಯೂಬ್ ಇದ್ದರೆ ಆ ಬಾಗಿಲು ಮುಚ್ಚುವುದೇ ಇಲ್ಲ. ಜೊತೆಗೆ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಮೂಗಿನ ಕೆಲಸವೂ ತಪ್ಪಿಹೋಗುತ್ತದೆ. ಕಫ ಒಣಗಿ ಅಂಟಾಗುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಒಬ್ಬ ಹುಡುಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಟ್ಯೂಬ್ ಹಾಕಿಸಿ, ಕಫ ಹೀರಿ ತೆಗೆದು, ಚೀಲ ಒತ್ತಿ ಉಸಿರು ಕೊಟ್ಟರು. ಇವತ್ತಿನ ಐಸಿಯು ಬೆಳೆದಿದ್ದು ಅಲ್ಲಿಂದಲೇ. ಕಫ ತೆಗೆಯುವುದು ಚಿಲ್ಲರೆ ಕೆಲಸ ಅಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಮೊದಲು ನೋಡಿ, ಕೇಳಿ

ಟ್ಯೂಬಿನೊಳಗೆ ಕಫ ಕಾಣುತ್ತಿದೆಯಾ? ಸ್ಟೆತೊಸ್ಕೋಪ್ ಇಟ್ಟರೆ ಶ್ವಾಸನಾಳದ ಮೇಲೆ ಗುಳುಗುಳು ಸದ್ದು ಕೇಳುತ್ತಿದೆಯಾ? ವೆಂಟಿಲೇಟರ್ ಪರದೆಯಲ್ಲಿ ಗಾಳಿಯ ಹರಿವು ತೋರಿಸುವ ಫ್ಲೋ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿದೆಯಾ? ಪ್ರತಿ ಉಸಿರಿಗೆ ಇಷ್ಟು ಗಾಳಿ ಎಂದು ನಿಗದಿ ಮಾಡುವ ವಾಲ್ಯೂಮ್ ಮೋಡ್‌ನಲ್ಲಿ ಒತ್ತಡ ಏರುವುದು, ಇಷ್ಟು ಒತ್ತಡ ಎಂದು ನಿಗದಿ ಮಾಡುವ ಪ್ರೆಷರ್ ಮೋಡ್‌ನಲ್ಲಿ ಒಳಹೋಗುವ ಗಾಳಿ ಕಡಿಮೆಯಾಗುವುದು, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯುವುದು ಕೂಡ ಸೂಚನೆಗಳೇ. ಆದರೆ ಅಲಾರ್ಮ್ ಹೊಡೆದ ಕೂಡಲೇ ಸಕ್ಷನ್‌ಗೆ ಕೈ ಹಾಕಬೇಡಿ. ಪೈಪ್ ಮಡಚಿರಬಹುದು, ರೋಗಿ ಟ್ಯೂಬ್ ಕಚ್ಚುತ್ತಿರಬಹುದು, ಪೈಪಿನಲ್ಲಿ ನೀರು ನಿಂತಿರಬಹುದು. ಒಮ್ಮೆ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಇಷ್ಟು ಎಚ್ಚರಿಕೆ ಯಾಕೆ ಅಂದರೆ, ಸಕ್ಷನ್‌ನಿಂದ ಅಪಾಯವೂ ಇದೆ. ಕಫದ ಜೊತೆ ಆಮ್ಲಜನಕವನ್ನೂ ಅದು ಎಳೆಯುತ್ತದೆ. ಶ್ವಾಸಕೋಶದ ಚಿಕ್ಕ ಚೀಲಗಳು ಮುದುಡಿಕೊಳ್ಳಬಹುದು, ಒಳಪದರ ಕೆರೆದು ರಕ್ತ ಬರಬಹುದು, ವೇಗಸ್ ನರ ಕೆರಳಿ ಹೃದಯಬಡಿತ ದಿಢೀರನೆ ಇಳಿಯಬಹುದು. ತಲೆಗೆ ಪೆಟ್ಟಾದವರಲ್ಲಿ ಮೆದುಳಿನ ಒತ್ತಡವೂ ಏರುತ್ತದೆ.

ಸಿದ್ಧತೆ

ಕ್ಯಾತಿಟರ್, ಅಂದರೆ ಕಫ ಹೀರುವ ಸಣ್ಣ ಪೈಪ್, ದಪ್ಪ ಇದ್ದಷ್ಟೂ ಕಫ ಬೇಗ ಬರುತ್ತದೆ ಅನ್ನುವುದು ತಪ್ಪು ಲೆಕ್ಕ. ದೊಡ್ಡವರಲ್ಲಿ ಅದು ಟ್ಯೂಬಿನ ಒಳ ಅಗಲದ ಅರ್ಧಕ್ಕಿಂತ ಜಾಸ್ತಿ ಇರಬಾರದು. ಪಕ್ಕದಿಂದ ಗಾಳಿ ಓಡಾಡಲು ಜಾಗ ಬೇಕಲ್ವಾ? ಟ್ಯೂಬಿನ ಅಳತೆಯನ್ನು 3ರಿಂದ ಗುಣಿಸಿ 2ರಿಂದ ಭಾಗಿಸಿ. 8 ನಂಬರ್ (ಒಳ ಅಗಲ 8 ಮಿ.ಮೀ.) ಟ್ಯೂಬಿಗೆ 12 ಫ್ರೆಂಚ್ (ಕ್ಯಾತಿಟರ್ ದಪ್ಪದ ಅಳತೆ). 7ಕ್ಕೆ ಹತ್ತೂವರೆ ಬರುತ್ತದೆ, 10 ಫ್ರೆಂಚ್ ತೆಗೆದುಕೊಳ್ಳಿ. ಸಕ್ಷನ್ ಒತ್ತಡ 100ರಿಂದ 150 ಮಿ.ಮೀ. ಪಾದರಸದೊಳಗಿರಲಿ. ಪೈಪನ್ನು ಬೆರಳಿನಿಂದ ಮುಚ್ಚಿ ಮೀಟರ್ ನೋಡಿದರೆ ನಿಜವಾದ ಒತ್ತಡ ತಿಳಿಯುತ್ತದೆ.

ಕೈ ತೊಳೆಯಿರಿ. ಆಮೇಲೆ ರೋಗಿಗೆ ಹೇಳಿ: ‘ಅಮ್ಮಾ, ಕಫ ತೆಗೀತೀನಿ. ಕೆಮ್ಮು ಬರುತ್ತೆ, ಬೇಗ ಮುಗಿಸ್ತೀನಿ.’ ನಿದ್ದೆ ಔಷಧದಲ್ಲಿದ್ದಾರೆ, ಏನು ಕೇಳಿಸುತ್ತೆ ಅಂತ ಬಿಡಬೇಡಿ. ಅನೇಕರಿಗೆ ಕೇಳಿಸುತ್ತದೆ. ಹೇಳದೆ ಕೇಳದೆ ಗಂಟಲೊಳಗೆ ಪೈಪ್ ಇಳಿದರೆ ಯಾರಿಗಾದರೂ ಭಯವಾಗುತ್ತದೆ.

ತೆಗೆಯುವ ಕ್ರಮ

30ರಿಂದ 60 ಸೆಕೆಂಡ್ ಶೇ 100 ಆಮ್ಲಜನಕ ಕೊಡಿ. ಹೆಚ್ಚಿನ ವೆಂಟಿಲೇಟರ್‌ಗಳಲ್ಲಿ ಇದಕ್ಕೆಂದೇ ಗುಂಡಿ ಇರುತ್ತದೆ. ತೆರೆದ ವಿಧಾನವಾದರೆ, ಅಂದರೆ ವೆಂಟಿಲೇಟರ್ ಬಿಚ್ಚಿ ಮಾಡುವುದಾದರೆ, ಸ್ಟೆರೈಲ್ ಗ್ಲೌಸ್, ಹೊಸ ಕ್ಯಾತಿಟರ್ ಬೇಕು. ಒಳಗೆ ಇಳಿಸುವಾಗ ಸಕ್ಷನ್ ಕೊಡಬೇಡಿ. ಎಷ್ಟು ಆಳ? ಟ್ಯೂಬಿನ ತುದಿ ದಾಟುವಷ್ಟು ಸಾಕು. ತಡೆ ಸಿಗುವ ತನಕ ತಳ್ಳುವುದರಿಂದಲೇ ಒಳಪದರಕ್ಕೆ ಜಾಸ್ತಿ ಗಾಯವಾಗುತ್ತದೆ. ಹೊರಗೆಳೆಯುವಾಗ ಮಾತ್ರ ಸಕ್ಷನ್ ಕೊಡಿ. ಇಳಿಸಿ ತೆಗೆಯುವುದೆಲ್ಲ ಸೇರಿ 15 ಸೆಕೆಂಡ್ ಮೀರಬಾರದು. ಇನ್ನೂ ಕಫ ಇದ್ದರೆ ಮತ್ತೆ ಆಮ್ಲಜನಕ ಕೊಟ್ಟು, ಸ್ಯಾಚುರೇಷನ್ ಮೇಲೆ ಬಂದ ಮೇಲೆ ಇನ್ನೊಮ್ಮೆ ಇಳಿಸಿ. ಕಣ್ಣು ಮಾನಿಟರ್ ಮೇಲೇ ಇರಲಿ. ನಾಡಿ ಇಳಿಯಿತೋ, ತಕ್ಷಣ ನಿಲ್ಲಿಸಿ, ಪೂರ್ತಿ ಆಮ್ಲಜನಕ ಕೊಟ್ಟು ಡಾಕ್ಟರನ್ನು ಕರೆಯಿರಿ.

ಇನ್‌ಲೈನ್ ಕ್ಯಾತಿಟರ್ (ವೆಂಟಿಲೇಟರ್ ಪೈಪಿಗೇ ಜೋಡಿಸಿಟ್ಟಿರುವುದು) ಇದ್ದರೆ ವೆಂಟಿಲೇಟರ್ ಬಿಚ್ಚುವ ಗೋಜಿಲ್ಲ, ಶ್ವಾಸಕೋಶದ ಒತ್ತಡವೂ ಉಳಿಯುತ್ತದೆ. ಆದರೆ ಅದರ ಗುರುತು ಕಾಣುವ ತನಕ ಪೂರ್ತಿ ಹಿಂದಕ್ಕೆ ಎಳೆದಿದ್ದೀರಾ ನೋಡಿ. ತುದಿ ಟ್ಯೂಬಿನೊಳಗೇ ಉಳಿದರೆ ಗಾಳಿಯ ದಾರಿ ಕಿರಿದಾಗುತ್ತದೆ. ಕೊನೆಗೆ ಸಕ್ಷನ್ ಒತ್ತಿಕೊಂಡೇ ಸಲೈನ್ (ಉಪ್ಪುನೀರಿನ ದ್ರಾವಣ) ಬಿಟ್ಟು ಕ್ಯಾತಿಟರನ್ನು ತೊಳೆಯಿರಿ, ವಾಲ್ವ್ ಲಾಕ್ ಮಾಡಿ.

ಕಫ ಗಟ್ಟಿಯಾಗಿದೆ ಎಂದು ಪ್ರತಿ ಸಲ ಟ್ಯೂಬಿನೊಳಗೆ ಸಲೈನ್ ಹಾಕುವುದು ಇನ್ನೊಂದು ಹಳೇ ಅಭ್ಯಾಸ. ಅದರಿಂದ ಸ್ಯಾಚುರೇಷನ್ ಇಳಿಯಬಹುದು. ರೂಢಿಯಾಗಿ ಹಾಕಬಾರದು ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಗಟ್ಟಿಯಾಗಲು ಕಾರಣ ಹುಡುಕಿ. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನಲ್ಲಿ ನೀರು ಖಾಲಿಯಾಗಿದೆಯಾ? ಫಿಲ್ಟರ್ ಕಫದಿಂದ ಕಟ್ಟಿದೆಯಾ? ದೇಹದಲ್ಲಿ ನೀರಿನಂಶ ಕಡಿಮೆಯಾಗಿದೆಯಾ?

ಬಾಯಿಯ ಸಕ್ಷನ್ ಬೇರೆಯೇ ಕೆಲಸ. ಬಾಯಿಗೆ ಹಾಕಿದ ಕ್ಯಾತಿಟರ್ ಮತ್ತೆ ಟ್ಯೂಬಿಗೆ ಹೋಗಬಾರದು. ಟ್ಯೂಬಿನ ಸುತ್ತ ಗಾಳಿ ಸೋರದಂತೆ ತಡೆಯುವ ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿದೆಯೇ ನೋಡಿ. ಬೇರೆ ತೊಂದರೆ ಇಲ್ಲದಿದ್ದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ.

ಮುಗಿದ ಮೇಲೆ ಮತ್ತೆ ಸ್ಟೆತೊಸ್ಕೋಪ್ ಇಡಿ. ಸದ್ದು ಹೋಯಿತಾ? ಕಫದ ಬಣ್ಣ, ಪ್ರಮಾಣ, ಅಂಟು ಎಲ್ಲವನ್ನೂ ಬರೆಯಿರಿ. ಬಿಳಿ ಇದ್ದದ್ದು ಹಳದಿಗೋ ಹಸಿರಿಗೋ ತಿರುಗಿದರೆ, ರಕ್ತ ಬಂದರೆ, ಗುಲಾಬಿ ಬಣ್ಣದ ನೊರೆ ಕಂಡರೆ ಡಾಕ್ಟರಿಗೆ ಹೇಳಿ. ಕ್ಯಾತಿಟರ್ ಒಳಗೆ ಇಳಿಯುತ್ತಲೇ ಇಲ್ಲ, ಸ್ಯಾಚುರೇಷನ್ ಬೀಳುತ್ತಿದೆ ಅಂದರೆ ಟ್ಯೂಬೇ ಕಟ್ಟಿಕೊಂಡಿರಬಹುದು. ಅಂಥ ಹೊತ್ತಲ್ಲಿ ಬರೆಯುವುದು ಆಮೇಲೆ, ಮೊದಲು ಸಹಾಯಕ್ಕೆ ಕೂಗಿ.