ಎರಡು ಸಾವಿರ ಕ್ವೆರಿ ಎರಡಕ್ಕೆ ಇಳಿದದ್ದು: ಗಂಜಿನ ಲೆಕ್ಕದಲ್ಲಿ ಜಾಂಗೊ ಓಆರ್‌ಎಂ

"ಓಆರ್‌ಎಂ ಬಿಟ್ಟುಬಿಡು, ಎಲ್ಲ ಎಸ್‌ಕ್ಯುಎಲ್‌ನಲ್ಲೇ ಬರಿ" ಅಂತ ನನಗೆ ಹೇಳದವರೇ ಇಲ್ಲ. ಎಸ್‌ಕ್ಯುಎಲ್ ಅಂದರೆ ಡೇಟಾಬೇಸಿಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆ. ಓಆರ್‌ಎಂ ಅಂದರೆ ನಾವು ಬರೆದ ಕೋಡ್ ನೋಡಿ ಆ ಎಸ್‌ಕ್ಯುಎಲ್ ಅನ್ನು ತಾನೇ ಬರೆದುಕೊಡುವ ಸಾಧನ; ವೆಬ್‌ಸೈಟ್ ಕಟ್ಟುವ ಜಾಂಗೊ ಜೊತೆಗೇ ಅದು ಬರುತ್ತದೆ. ಬೆಂಗಳೂರಿನ ಗೆಳೆಯರೂ ಹೇಳಿದರು, ಕಲಬುರಗಿಯಲ್ಲೇ ಈ ಕೆಲಸ ಮಾಡುವವರೂ ಹೇಳಿದರು. ನಾನು ಬಿಡಲಿಲ್ಲ. ಇಲ್ಲಿನ ಗಂಜಿನ (ಧಾನ್ಯದ ಮಾರುಕಟ್ಟೆಯ) ಒಂದು ಅಡತ್ (ದಲ್ಲಾಳಿ) ಅಂಗಡಿಯ ಪೂರ್ತಿ ಲೆಕ್ಕ ಈಗ ಜಾಂಗೊ ಓಆರ್‌ಎಂ ಮೇಲೆಯೇ ನಡೆಯುತ್ತಿದೆ. ತೊಗರಿ ಸುಗ್ಗಿಯನ್ನೂ ದಾಟಿದೆ.

ಮಾಡೆಲ್‌ಗಳು (ಒಂದೊಂದೂ ಡೇಟಾಬೇಸಿನ ಒಂದು ಕೋಷ್ಟಕ) ಸರಳ: ರೈತ, ಊರು, ಲಾಟ್ (ರೈತ ಮಾರಲು ತಂದ ಮಾಲಿನ ಒಂದು ರಾಶಿ), ಖರೀದಿದಾರ, ಖರ್ಚು, ಪಾವತಿ. ದುಡ್ಡಿನ ಕಾಲಂ ಎಲ್ಲಾ ಪೈಸೆ ನಿಖರವಾಗಿಡುವ ಡೆಸಿಮಲ್, ಅಂದಾಜಿನ ಫ್ಲೋಟ್ ಎಲ್ಲೂ ಇಲ್ಲ. ಇವುಗಳ ಹಿಂದಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಳೆಗಾಲದಲ್ಲಿ ದಿನಕ್ಕೆ ನಲವತ್ತು ಐವತ್ತು ಲಾಟ್ ಇದ್ದಾಗ ಎಲ್ಲ ಚೆನ್ನಾಗಿತ್ತು. ಡಿಸೆಂಬರ್ ಕೊನೆಗೆ ಆವಕ ಏರಿತು. ಲಾಟ್ ಆರುನೂರರ ಹತ್ತಿರ ಬಂತು, ದಿನದ ಪುಟ ತೆರೆಯಲು ಏಳೆಂಟು ಸೆಕೆಂಡ್. ಕೌಂಟರ್ ಮುಂದೆ ರೈತರು ಪಟ್ಟಿಗೆ (ಮಾರಾಟದ ಲೆಕ್ಕದ ಚೀಟಿಗೆ) ಕಾಯುತ್ತಿದ್ದಾರೆ. "ಚಕ್ರ ತಿರಗ್ಲತ್ತದ, ಪಟ್ಟಿ ಬರವಲ್ದು ನೋಡ್ರಿ" ಅಂತ ಮುನೀಮರ ಫೋನ್.

ಸರ್ವರ್ ದೊಡ್ಡದು ಮಾಡಿಸು ಅಂದರು. ತಿಂಗಳಿಗೆ ಎಂಟುನೂರು ರೂಪಾಯಿ ಆಸುಪಾಸು ಇದ್ದ ಅದರ ಖರ್ಚು ಮೂರೂವರೆ ಸಾವಿರವಾಯಿತು. ಏಳು ಸೆಕೆಂಡ್ ಐದಕ್ಕೆ ಇಳಿಯಿತು, ಅಷ್ಟೇ. ಆ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಆಮೇಲೆ ಪುಟಕ್ಕೆ ಹೋಗುವ ಕ್ವೆರಿಗಳನ್ನು ತೋರಿಸುವ ಡೀಬಗ್ ಟೂಲ್‌ಬಾರ್ ಹಾಕಿ ಓಆರ್‌ಎಂ ಬರೆಯುವ ಎಸ್‌ಕ್ಯುಎಲ್ ಅನ್ನು ಸಾಲುಸಾಲಾಗಿ ಓದಿದೆ. ಲಾಟ್‌ಗಳಿಗೆಲ್ಲ ಸೇರಿ ಒಂದೇ ಕ್ವೆರಿ. ಆದರೆ ಟೆಂಪ್ಲೇಟಿನ (ಪುಟದ ನಮೂನೆಯ) ಒಂದು ಸಾಲಿನಲ್ಲಿ ಲಾಟ್‌ನಿಂದ ರೈತ, ರೈತನಿಂದ ಊರು ಅಂತ ಚುಕ್ಕಿ ಹಾಕಿ ಹೋದರೆ ಪ್ರತಿ ಲಾಟಿಗೂ ಎರಡು ಕ್ವೆರಿ. ಖರೀದಿದಾರನಿಗೆ ಇನ್ನೊಂದು, ಪಾವತಿಗೆ ಮತ್ತೊಂದು. ಆರುನೂರು ಲಾಟಿಗೆ 2401! ಫಾರಿನ್ ಕೀ (ಒಂದು ಸಾಲಿನಿಂದ ಇನ್ನೊಂದು ಕೋಷ್ಟಕದ ಸಾಲಿಗೆ ಕೊಂಡಿ) ಇರುವ ಕಡೆ ಎಲ್ಲವನ್ನೂ ಅದೇ ಕ್ವೆರಿಯಲ್ಲಿ ತರುವ ಸೆಲೆಕ್ಟ್ ರಿಲೇಟೆಡ್, ಪಾವತಿಗೆ ಎಲ್ಲವನ್ನೂ ಇನ್ನೊಂದೇ ಕ್ವೆರಿಯಲ್ಲಿ ಮೊದಲೇ ತಂದಿಡುವ ಪ್ರಿಫೆಚ್ ರಿಲೇಟೆಡ್ ಹಾಕಿದೆ. ಒಟ್ಟು ಎರಡೇ ಕ್ವೆರಿ. ಪುಟ ಅರ್ಧ ಸೆಕೆಂಡಿಗಿಂತ ಮೊದಲೇ ಬಂತು, ಅದೂ ಹಳೆಯ ಎಂಟುನೂರರ ಸರ್ವರ್‌ನಲ್ಲಿ.

ಇಲ್ಲೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಪ್ರಿಫೆಚ್ ಮಾಡಿಟ್ಟು, ಆಮೇಲೆ ಲೂಪಿನೊಳಗೆ ಅದರ ಮೇಲೆ ಫಿಲ್ಟರ್ ಹಾಕಿದರೆ ತಂದಿಟ್ಟದ್ದೆಲ್ಲ ವ್ಯರ್ಥ. ಮತ್ತೆ ಪ್ರತಿ ಲಾಟಿಗೂ ಕ್ವೆರಿ ಹೋಗುತ್ತದೆ. ಫಿಲ್ಟರ್ ಅನ್ನು ಪ್ರಿಫೆಚ್ ಆಬ್ಜೆಕ್ಟ್ ಒಳಗೇ ಕೊಡಬೇಕು.

ಇದಕ್ಕಿಂತ ಕೆಟ್ಟದ್ದು ಮೊತ್ತ ಕೂಡಿಸುವಾಗ ಕಾದಿರುತ್ತದೆ. ಒಂದು ಲಾಟಿಗೆ ಪಾವತಿ ಮೂರು: 20,000, 15,000, 10,000. ಖರ್ಚು ಎರಡು: ಹಮಾಲಿ 180, ತೂಕ 60. ಎರಡನ್ನೂ ಒಂದೇ ಆನೊಟೇಟ್‌ನಲ್ಲಿ (ಪ್ರತಿ ಲಾಟಿಗೆ ಮೊತ್ತ ಹಾಕಿಕೊಡುವ ಓಆರ್‌ಎಂ ಆಜ್ಞೆಯಲ್ಲಿ) ಕೂಡಿಸಿದರೆ ಪಾವತಿ 90,000 ತೋರಿಸುತ್ತದೆ, ಖರ್ಚು 720. ಎರಡು ಜಾಯಿನ್ (ಕೋಷ್ಟಕಗಳ ಜೋಡಣೆ) ಸೇರಿ, ಪ್ರತಿ ಪಾವತಿಗೂ ಪ್ರತಿ ಖರ್ಚು ಜೋಡಿಯಾಗಿ, ಸಾಲು ಆರಾಗುತ್ತದೆ, ಅಲ್ವಾ? ಪರೀಕ್ಷೆಯ ಡೇಟಾದಲ್ಲಿ ಒಂದೊಂದೇ ಸಾಲು ಇದ್ದರೆ ಇದು ಸಿಗುವುದೇ ಇಲ್ಲ. ಮುನೀಮರ ಕೆಂಪು ವಹಿಯ ಜೊತೆ ತಾಳೆ ನೋಡಿದಾಗಲೇ ಸಿಕ್ಕಿದ್ದು. ಒಂದೇ ಮೊತ್ತವನ್ನು ಒಮ್ಮೆ ಮಾತ್ರ ಎಣಿಸುವ ಡಿಸ್ಟಿಂಕ್ಟ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ಹತ್ತು ಸಾವಿರದ ಎರಡು ಪಾವತಿ ಇದ್ದರೆ ಅದು ಒಂದನ್ನು ನುಂಗಿಬಿಡುತ್ತದೆ. ಎರಡಕ್ಕೂ ಬೇರೆ ಬೇರೆ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಹಾಕಿ, ಅದೇ ಸರಿ.

ಹಟಕ್ಕೆ ಬಿದ್ದು ಅದೇ ಪುಟವನ್ನು ಬರೀ ಎಸ್‌ಕ್ಯುಎಲ್‌ನಲ್ಲೂ ಬರೆದು ನೋಡಿದೆ. ಉಳಿತಾಯವಾದದ್ದು ಮೂವತ್ತು ನಲವತ್ತು ಮಿಲಿಸೆಕೆಂಡ್ ಅಷ್ಟೇ. ಲಾಟಿಗೆ ತೇವಾಂಶದ ಕಾಲಂ ಸೇರಿಸಿದ ದಿನ ಆ ಎಸ್‌ಕ್ಯುಎಲ್ ಅನ್ನು ಮೂರು ಕಡೆ ತಿದ್ದಬೇಕಾಯಿತು. ಓಆರ್‌ಎಂನಲ್ಲಾದರೆ ಮಾಡೆಲ್‌ನಲ್ಲಿ ಒಂದು ಸಾಲು, ಡೇಟಾಬೇಸಿಗೆ ಆ ಬದಲಾವಣೆ ಒಯ್ಯುವ ಒಂದು ಮೈಗ್ರೇಶನ್, ಮುಗೀತು.

ಹಳೆಯ ವಹಿಗಳ ಡೇಟಾ ಏರಿಸಿದ್ದೂ ಒಂದು ಪಾಠ. ಸುಮಾರು ಲಕ್ಷ ಸಾಲು. ಒಂದೊಂದಾಗಿ ಸೇವ್ ಮಾಡಿದರೆ ಮುಕ್ಕಾಲು ಗಂಟೆ, ಗುಂಪಾಗಿ ಬರೆಯುವ ಬಲ್ಕ್ ಕ್ರಿಯೇಟ್‌ನಲ್ಲಿ ಒಂದು ನಿಮಿಷದ ಆಸುಪಾಸು. ಆದರೆ ಬಲ್ಕ್ ಕ್ರಿಯೇಟ್ ಸೇವ್ ಮೆಥಡ್ ಕರೆಯುವುದಿಲ್ಲ, ಸಿಗ್ನಲ್ (ಸಾಲು ಸೇವ್ ಆದಾಗ ಬೇರೆ ಕೋಡಿಗೆ ಹೋಗುವ ಸೂಚನೆ) ಕಳಿಸುವುದಿಲ್ಲ. ಬಾಕಿಯನ್ನು ಸಿಗ್ನಲ್‌ನಲ್ಲಿ ಕೂಡಿಸುವವರು ಕೊನೆಗೆ ಇನ್ನೊಮ್ಮೆ ಕೂಡಿಸಲೇಬೇಕು. 2014ರಲ್ಲಿ ಹೆಸರು ಬದಲಾದದ್ದರಿಂದ ಹಳೆಯ ಸಾಲುಗಳಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ. ಊರಿಗೆ ಪ್ರತ್ಯೇಕ ಮಾಡೆಲ್ ಇಟ್ಟಿದ್ದಕ್ಕೆ ಎರಡನ್ನೂ ಒಂದೇ ಐಡಿಗೆ ಸೇರಿಸುವುದು ಚಹಾ ಕುಡಿಯುವಷ್ಟರಲ್ಲಿ ಆಯಿತು.

ಇಬ್ಬರು ಗುಮಾಸ್ತರು ಒಂದೇ ರೈತನ ಖಾತೆಗೆ ಒಟ್ಟಿಗೆ ಬರೆದಾಗ ಬಾಕಿ ತಪ್ಪದಂತೆ, ಡೇಟಾಬೇಸಿನೊಳಗೇ ಕೂಡಿಸುವ ಎಫ್ ಎಕ್ಸ್‌ಪ್ರೆಶನ್ ಬಳಸಿ. ವರ್ಷದ ಕೊನೆಗೆ ಖಾತೆ ಮುಚ್ಚುವಾಗ ನಾನು ಲಾಕ್ ಹಾಕುವ ಕ್ರಮ ಬೇರೆ, ಯಾವ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಸೂಚಿ) ಎಲ್ಲಿ ಅನ್ನುವುದೂ ಬೇರೆ. ಅವೆರಡು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ಅದರ ಮೇಲಿದೆ.

ಎಸ್‌ಕ್ಯುಎಲ್ ಪೂರ್ತಿ ಬಿಟ್ಟಿಲ್ಲ. ವರ್ಷದ ಎರಡು ವರದಿ ಇನ್ನೂ ಅದರಲ್ಲೇ ಇವೆ, ಅಲ್ಲಿ ಓಆರ್‌ಎಂ ಕೋಡ್ ಓದಲಿಕ್ಕೇ ಆಗುತ್ತಿರಲಿಲ್ಲ. ಪಕ್ಕದ ಅಂಗಡಿಯವರೂ ಈಗ ಕೇಳಿದ್ದಾರೆ. ಅವರಿಗೂ ಅದೇ ಎಂಟುನೂರರ ಸರ್ವರ್‌ನಲ್ಲಿ ಬೇರೆ ಡೇಟಾಬೇಸ್ ತೆರೆದು ಕೊಡುತ್ತಿದ್ದೇನೆ.